ಅಕ್ಕನ ಫೋನಿನ ರಿಫ್ರೆಶ್ ದರ

ಹೋದ ತಿಂಗಳು ನಾನೂ ನಮ್ಮ ಅಕ್ಕನೂ ಮಾತು ಬಿಟ್ಟಿದ್ದೆವು.

ಪೂರ್ತಿ ಬಿಟ್ಟಿರಲಿಲ್ಲ. ‘ಉಪ್ಪು ಹಾಕೀನಿ’, ‘ಹಾಲ ಉಕ್ಕತೈತಿ’ ಎನ್ನುವಷ್ಟು ನಡೆಯುತ್ತಿತ್ತು. ಒಂದೇ ಒಲೆಯ ಮುಂದೆ ನಿಲ್ಲುವ ಇಬ್ಬರು ಹೆಂಗಸರು ಅದಕ್ಕಿಂತ ಕಡಿಮೆ ಮಾತಾಡಿದರೆ ಮನೆಯವರೆಲ್ಲ ಉಪವಾಸ ಬೀಳುತ್ತಾರೆ.

ಕಾರಣ ಕೇಳಿದರೆ ನೀವು ನಗುತ್ತೀರಿ. ನನ್ನ ಫೋನಿನ ಪರದೆ ನುಣ್ಣಗೆ ಜಾರುತ್ತಿತ್ತು. ಅಕ್ಕನ ಫೋನಿನ ಪರದೆ ತಡೆದು ತಡೆದು ಜಾರುತ್ತಿತ್ತು. ಅಷ್ಟೇ.

ನಕ್ಕಿರಾ? ಇರಲಿ. ಪೂರ್ತಿ ಕೇಳಿದ ಮೇಲೆ ಇನ್ನೊಮ್ಮೆ ನಗುವಿರಂತೆ.

ಅಕ್ಕ ಅಂದರೆ ನನ್ನ ಒಡಹುಟ್ಟಿದವಳಲ್ಲ. ನಮ್ಮ ಯಜಮಾನರ ಅಣ್ಣನ ಹೆಂಡತಿ. ಹೆಸರು ರಾಜಮತಿ. ಪುಸ್ತಕದಲ್ಲಿ ವಾರಗಿತ್ತಿ ಎಂದು ಬರೆಯುತ್ತಾರೆ, ನಮ್ಮ ಚಿಕ್ಕೋಡಿ ಕಡೆ ನೆಗೆಣ್ಣಿ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಒಲೆ, ಕೀಲಿಕೈ, ಅತ್ತೆಯ ಔಷಧಿ ಎಲ್ಲ ಅಕ್ಕನ ಕೈಯಲ್ಲಿದ್ದವು. ಅತ್ತೆ ಈಗಿಲ್ಲ. ಒಲೆ, ಕೀಲಿಕೈ ಈಗಲೂ ಅವಳ ಕೈಯಲ್ಲೇ ಇವೆ. (ಅವಳ ಕೈಯಲ್ಲಿ ಇರುವುದರಿಂದಲೇ ಈ ಅಂಕಣ ಬರೆಯಲು ನನಗೆ ವಾರಕ್ಕೊಮ್ಮೆ ಪುರುಸೊತ್ತು ಸಿಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ.)

ನಾನು ನಿಪ್ಪಾಣಿಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ನಮ್ಮ ಯಜಮಾನರಿಗೆ ರಾಯಬಾಗದಲ್ಲಿ ನೌಕರಿ. ಅಕ್ಕನ ಗಂಡ, ಅಂದರೆ ನಮ್ಮ ಭಾವ ಭರಮಣ್ಣನವರಿಗೆ ಚಿಕ್ಕೋಡಿ ಬಜಾರಿನಲ್ಲಿ ಬಟ್ಟೆ ಅಂಗಡಿ. ಅಕ್ಕನ ಮಗಳು ಮದುವೆಯಾಗಿ ಸಾಂಗಲಿಯಲ್ಲಿದ್ದಾಳೆ. ನನ್ನ ಮಗ ಧಾರವಾಡದ ಹಾಸ್ಟೆಲಿನಲ್ಲಿದ್ದಾನೆ. ಹೀಗಾಗಿ ಮನೆಯಲ್ಲಿ ಉಳಿದವರು ನಡುವಯಸ್ಸಿನ ನಾಲ್ವರು. ಕೈಯಲ್ಲಿ ನಾಲ್ಕು ಫೋನು. ಅವುಗಳೊಳಗೆ ಏನೇನಿದೆ ಎಂದು ಗೊತ್ತಿರುವವರು ಒಬ್ಬರೂ ಇಲ್ಲ.

ದೀಪಾವಳಿಗೆ ಭಾವನವರು ನಿಪ್ಪಾಣಿಯಿಂದ ಎರಡು ಹೊಸ ಫೋನು ತಂದರು. ಒಂದು ಅಕ್ಕನಿಗೆ, ಒಂದು ನನಗೆ. ಒಂದೇ ಕಂಪನಿ, ಒಂದೇ ಮಾಡೆಲ್, ಒಂದೇ ನೀಲಿ ಬಣ್ಣ. ‘ಇಬ್ಬರಿಗೂ ಒಂದ ನಮೂನಿ ತಂದೀನಿ. ನಾಳೆ ನನ್ನ ಹೆಸರ್ಲೆ ಜಗಳ ಬ್ಯಾಡ’ ಎಂದು ನಗುತ್ತ ಕೊಟ್ಟರು. ಪಾಪ! ಎಷ್ಟು ನಂಬಿಕೆಯಿಂದ ಹೇಳಿದ್ದರು.

ಗುರುತಿಗೆಂದು ಅಕ್ಕ ತನ್ನ ಫೋನಿಗೆ ನವಿಲಿನ ಚಿತ್ರದ ಕವರ್ ಹಾಕಿಸಿಕೊಂಡಳು. ನನ್ನದಕ್ಕೆ ಕರಿಯ ಕವರ್. ನಾಲ್ಕಾರು ತಿಂಗಳು ಎಲ್ಲ ಸುಸೂತ್ರವಾಗಿ ನಡೆಯಿತು.

ನಮ್ಮದು ಜೈನರ ಮನೆ. ಹೊತ್ತು ಮುಳುಗುವ ಮೊದಲೇ ಊಟ ಮುಗಿಯುತ್ತದೆ. ಆಮೇಲೆ ಸಂಜೆ ಎನ್ನುವುದು ಬಹಳ ಉದ್ದ. ಮೊದಲು ಆ ಹೊತ್ತನ್ನು ಟಿವಿ ತಿನ್ನುತ್ತಿತ್ತು, ಈಗ ಫೋನು ತಿನ್ನುತ್ತದೆ. ಅಕ್ಕನ ಫೋನಿನಲ್ಲಿ ಒಂದು ದೊಡ್ಡ ಲೋಕವೇ ಇದೆ. ರಂಗೋಲಿ, ಕಸೂತಿ, ಮರಾಠಿಯಲ್ಲಿ ಅಡುಗೆ ಹೇಳಿಕೊಡುವ ಕೊಲ್ಹಾಪುರದ ಹೆಂಗಸರು. ಜೊತೆಗೆ ಕರೋಶಿಯ ತವರಿನವರ ವಾಟ್ಸಾಪ್ ಗ್ರೂಪು. ಅದರಲ್ಲಿ ಹಾಕಿದ ಒಂದೂ ಫೋಟೋ ಅವಳ ಕಣ್ಣು ತಪ್ಪಿಸಿ ಹೋಗುವುದಿಲ್ಲ.

ಒಂದು ಸಂಜೆ ಇಬ್ಬರೂ ಪಡಸಾಲೆಯ ಜೋಕಾಲಿಯ ಮೇಲೆ ಕೂತಿದ್ದೆವು. ಕಾಗವಾಡದ ನೆಂಟರ ಮನೆಯಲ್ಲಿ ನಿಶ್ಚಿತಾರ್ಥವಾಗಿತ್ತು, ಮನೆಮಂದಿಯ ಗ್ರೂಪಿಗೆ ಫೋಟೋಗಳು ರಾಶಿ ರಾಶಿ ಬಂದು ಬಿದ್ದಿದ್ದವು. ನಾನು ನನ್ನ ಫೋನಿನಲ್ಲಿ ನೋಡುತ್ತಿದ್ದೆ, ಅಕ್ಕ ತನ್ನದರಲ್ಲಿ. ಸ್ವಲ್ಪ ಹೊತ್ತಿಗೆ ಅವಳು ತನ್ನ ಫೋನು ಬಿಟ್ಟು ನನ್ನದನ್ನೇ ನೋಡತೊಡಗಿದಳು.

‘ಶೈಲಾ, ನಿಂದ ಹೆಂಗ ಓಡತೈತಿ ನೋಡ.’

‘ನಿಮ್ದೂ ಅದ ಫೋನ್ ಅಲ್ರಿ ಅಕ್ಕಾ.’

‘ಅದ ಖರೆ. ಆದ್ರ ಹಂಗ ಓಡಂಗಿಲ್ಲ. ಇಲ್ಲೆ ನೋಡ.’

ಎರಡೂ ಫೋನುಗಳನ್ನು ತೊಡೆಯ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ಎರಡು ಹೆಬ್ಬೆರಳಿನಿಂದ ಒಟ್ಟಿಗೆ ಮೇಲಕ್ಕೆ ತಳ್ಳಿದಳು. ನನ್ನದು ಎಣ್ಣೆ ಸವರಿದ ಕಲ್ಲಿನ ಮೇಲೆ ನೀರು ಹರಿದ ಹಾಗೆ ಹೋಯಿತು. ಅವಳದು ಗುಂಡಿ ಬಿದ್ದ ರಸ್ತೆಯಲ್ಲಿ ಬಸ್ಸು ಹೋದ ಹಾಗೆ. ಹಾಗೆಂದು ಅವಳು ಹೇಳಿದಳು. ನನಗೆ ಹೆಚ್ಚೇನೂ ಕಾಣಲಿಲ್ಲ. ಕಾಣದಿದ್ದರೆ ಸುಮ್ಮನಿರಬೇಕಿತ್ತು. ಇರಲಿಲ್ಲ.

‘ನಿಮಗ ಹಂಗ ಅನಸತೈತಿ ಅಷ್ಟ ರೀ. ಒಮ್ಮೆ ಕಣ್ಣ ತೋರಿಸ್ಕೊಂಡ ಬರೋಣ’ ಅಂದುಬಿಟ್ಟೆ.

ಯಾರಿಗೆ ಹೇಳಿದೆ ನೋಡಿ! ಇವತ್ತಿಗೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವವಳಿಗೆ. ಅಕ್ಕ ನನ್ನ ಮುಖವನ್ನೊಮ್ಮೆ ನೋಡಿ, ನವಿಲಿನ ಫೋನು ಎತ್ತಿಕೊಂಡು ಒಳಗೆ ಹೋದಳು.

ಭಾವನವರು ಅಂಗಡಿ ಮುಚ್ಚಿ ಬಂದಾಗ ವಿಚಾರಣೆ ಶುರುವಾಯಿತು. ನಾನು ಅಡುಗೆಮನೆಯಲ್ಲಿ ಪಾತ್ರೆ ಒರೆಸಿ ಇಡುತ್ತಿದ್ದೆ. ಕೇಳಿಸಿಕೊಳ್ಳಬಾರದು ಎಂದು ನಿಜವಾಗಿಯೂ ಪ್ರಯತ್ನಿಸಿದೆ. (ಹೆಚ್ಚು ಪ್ರಯತ್ನಿಸಲಿಲ್ಲ.)

‘ಏನ್ರಿ, ನನಗ ಹಳೇ ಫೋನ್ ತಂದ ಕೊಟ್ಟೀರೇನ?’

‘ಹಳೇದ? ಎರಡೂ ಡಬ್ಬಿಯಿಂದ ಹೊಸಾವ ತಗದಾವ!’

‘ನನ್ನ ಮುಂದ ಎಲ್ಲಿ ತಗದ್ರು? ಅಂಗಡ್ಯಾಗ ಒಡಸ್ಕೊಂಡ ಬಂದ್ರಿ. ಮನಿಗೆ ಬಂದಾಗ ಡಬ್ಬಿಗೆ ಸೀಲ್ ಇರಲಿಲ್ಲ.’

‘ಸಿಮ್ ಹಾಕಿ ಚಾಲೂ ಮಾಡಿ ಕೊಡಬೇಕಲ್ಲ ಬೇ, ಅದಕ್ಕ ಒಡದ್ರು.’

‘ಹೌದ ಬಿಡ್ರಿ. ನೌಕರಿ ಮಾಡಾಕಿಗೆ ಚಲೋದ. ಮನ್ಯಾಗ ಕುಂದ್ರಾಕಿಗೆ ಹೆಂಗಿದ್ರೂ ನಡೀತೈತಿ.’

ಕೈಯಲ್ಲಿದ್ದ ತಟ್ಟೆಯನ್ನು ಸದ್ದಾಗದಂತೆ ಕೆಳಗಿಟ್ಟೆ. ಅಕ್ಕ ಕೂಗಿ ಹೇಳಿರಲಿಲ್ಲ. ಕೂಗಿದ್ದರೆ ಸಿಟ್ಟು ಎನ್ನಬಹುದಿತ್ತು. ಎಷ್ಟೋ ವರ್ಷದಿಂದ ಮನಸ್ಸಿನಲ್ಲಿದ್ದ ಮಾತು ಅದು, ಇವತ್ತು ಫೋನಿನ ನೆಪದಲ್ಲಿ ಹೊರಗೆ ಬಂತು ಎಂದು ಆ ಮೆಲ್ಲನೆಯ ದನಿಯಿಂದಲೇ ಗೊತ್ತಾಗುತ್ತಿತ್ತು.

ಮರುದಿನ ಬೆಳಿಗ್ಗೆ ನನ್ನ ಫೋನನ್ನು ಅವಳ ಮುಂದೆ ಹಿಡಿದೆ. ‘ಅಕ್ಕಾ, ಬದಲಿ ಮಾಡ್ಕೊಳ್ಳೋಣ್ರಿ. ನನಗ ಯಾವದಾದ್ರೂ ನಡೀತೈತಿ.’

‘ಬ್ಯಾಡ್ರಿ. ನಿಮ್ದ ನಿಮಗ ಇರ್ಲಿ. ಬರ್ರಿ, ನಾಷ್ಟಾ ಮಾಡ್ರಿ, ಬಸ್ಸಿಗೆ ಹೊತ್ತಾಗತೈತಿ.’

ಗಮನಿಸಿದಿರಾ? ‘ರಿ’ ಹಚ್ಚಿದಳು! ನನಗೆ! ನಮ್ಮ ಕಡೆ ‘ರಿ’ ಎಂದರೆ ಮರ್ಯಾದೆ ನಿಜ. ಆದರೆ ಇಷ್ಟು ವರ್ಷ ‘ನೀ ಬಾ, ನೀ ತಿನ್ನ’ ಎಂದು ಬೈದು ಉಣ್ಣಿಸಿದವಳು ಒಂದು ದಿನ ಇದ್ದಕ್ಕಿದ್ದ ಹಾಗೆ ‘ಬರ್ರಿ, ತಿನ್ರಿ’ ಅಂದರೆ ಅದು ಮನೆಯೊಳಗೆ ಗೋಡೆ ಕಟ್ಟಿದ ಹಾಗೆ. ಆ ಗೋಡೆಯ ಈಚೆ ಕೂತು ಅವಲಕ್ಕಿ ತಿಂದೆ.

ಭಾವನವರು ತಮ್ಮ ಕೈಲಾದದ್ದು ಮಾಡಿದರು. ನಿಪ್ಪಾಣಿಯ ಅಂಗಡಿಗೆ ಫೋನು ಹಚ್ಚಿ ಕೇಳಿದರು. ಎರಡೂ ಒಂದೇ ಮಾಲು, ಎರಡೂ ಹೊಸತು ಎಂದು ಅವರು ಆಣೆ ಮಾಡಿ ಹೇಳಿದರಂತೆ. ‘ಮಾರಿದಾಂವ ಮತ್ತೇನ ಹೇಳ್ಯಾನ?’ ಎಂದಳು ಅಕ್ಕ. ಮಗಳಿಗೆ ಫೋನು ಮಾಡಿ ಕೇಳಿ ನೋಡಿ ಎಂದರೆ, ‘ಮನಿ ಮಾತ ಸಾಂಗ್ಲಿಮಟಾ ಯಾಕ?’ ಎಂದಳು.

ನಮ್ಮ ಯಜಮಾನರು ಒಂದು ಸಂಜೆ ಬುದ್ಧಿವಂತಿಕೆ ತೋರಿಸಲು ಹೋದರು. ‘ಫೋನ್ ಬಂದ್ರ ಮಾತಾಡಾಕ ಬಂದ್ರ ಸಾಕಲ್ಲ? ಮ್ಯಾಲ ಕೆಳಗ ಹೆಂಗ ಓಡಿದ್ರ ಏನ?’ ಅಂದರು. ನಾನೂ ಅಕ್ಕನೂ ಒಟ್ಟಿಗೆ ತಿರುಗಿ ಅವರನ್ನು ನೋಡಿದೆವು. ಅಷ್ಟೂ ದಿನಗಳಲ್ಲಿ ನಾವಿಬ್ಬರೂ ಒಂದಾದದ್ದು ಆ ಒಂದು ಕ್ಷಣ ಮಾತ್ರ. ಅವರು ಪೇಪರಿನ ಹಿಂದೆ ಅಡಗಿದರು.

ಸುಳಿವು ಸಿಕ್ಕಿದ್ದು ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ. ಮರಾಠಿ ವಿಭಾಗದ ಗೆಳತಿಯೊಬ್ಬಳು ಚಾರ್ಜರ್ ಹುಡುಕುತ್ತ ಗೊಣಗುತ್ತಿದ್ದಳು: ‘ನನ್ನ ಮಗಳು ನನ್ನ ಫೋನು ನೂರಾಇಪ್ಪತ್ತಕ್ಕ ಇಟ್ಟಾಳ. ಮಧ್ಯಾಹ್ನಕ್ಕ ಬ್ಯಾಟರಿ ಖಲಾಸ್. ಮನಿಗೆ ಹೋಗಿ ಮೊದಲ ಅರವತ್ತಕ್ಕ ಇಳಸ್ತೀನಿ.’

‘ನೂರಾಇಪ್ಪತ್ತು ಏನು?’ ಎಂದೆ.

‘ಹರ್ಟ್ಜ್. ಸ್ಕ್ರೀನ್ ನುಣ್ಣಗ ಓಡತೈತಿ.’

ನುಣ್ಣಗೆ! ಆ ಶಬ್ದ ಕೇಳಿದ್ದೇ ತಡ, ಕುರ್ಚಿಯಿಂದ ಎದ್ದು ನಿಂತೆ. ಆ ದಿನದ ಕೊನೆಯ ಕ್ಲಾಸಿನಲ್ಲಿ ನಾನು ಯಾವ ರಾಜವಂಶದ ಪಾಠ ಮಾಡಿದೆ ಎಂದು ವಿದ್ಯಾರ್ಥಿಗಳೇ ಹೇಳಬೇಕು.

ಭಾನುವಾರ ಮಧ್ಯಾಹ್ನ. ಅಣ್ಣತಮ್ಮಂದಿರಿಬ್ಬರೂ ಬೋರಗಾಂವಕ್ಕೆ ಹೋಗಿದ್ದರು. ಅಲ್ಲಿನ ಮಗ್ಗಗಳಿಂದ ಭಾವನವರು ಅಂಗಡಿಗೆ ಬಟ್ಟೆ ತರುವುದುಂಟು. ಮನೆಯಲ್ಲಿ ನಾವಿಬ್ಬರೇ. ಅಕ್ಕ ಹಿಟ್ಟು ನಾದುತ್ತಿದ್ದಳು.

‘ಅಕ್ಕಾ, ನಿಮ್ಮ ಫೋನ್ ಒಂದೀಟ ಕೊಡ್ರಿ.’

‘ಯಾಕ್ರಿ?’

ಮತ್ತೆ ‘ರಿ’. ಗಮನಿಸದವಳ ಹಾಗೆ ಎರಡೂ ಫೋನು ಅಡುಗೆಕಟ್ಟೆಯ ಮೇಲೆ ಪಕ್ಕಪಕ್ಕ ಇಟ್ಟೆ. ಎರಡರಲ್ಲೂ ಸೆಟ್ಟಿಂಗ್ಸ್ ತೆರೆದೆ. ನನ್ನದು ಇಂಗ್ಲಿಷಿನಲ್ಲಿತ್ತು. ಅಕ್ಕನದು ಕನ್ನಡದಲ್ಲಿ. ಒಂದೊಂದೇ ಸಾಲು ಓದುತ್ತ ಕೆಳಗಿಳಿದೆವು. ಅಂದರೆ ನಾನು ಓದಿದೆ. ಅಕ್ಕ ಹಿಟ್ಟಿನ ಕಡೆ ನೋಡುವವಳ ಹಾಗೆ ನಟಿಸುತ್ತ ಫೋನಿನ ಕಡೆ ನೋಡಿದಳು. ಡಿಸ್‌ಪ್ಲೇ ಎಂಬುದನ್ನು ಒತ್ತಿದೆ. ಬೆಳಕು, ಅಕ್ಷರದ ಗಾತ್ರ, ಗೋಡೆಚಿತ್ರ. ಅದರ ಕೆಳಗೆ ಅಕ್ಕನ ಫೋನಿನಲ್ಲಿ ಒಂದು ಸಾಲು: ‘ರಿಫ್ರೆಶ್ ದರ.’

‘ಅದನ್ನ ಒತ್ತಬ್ಯಾಡ್ರಿ!’ ಅಕ್ಕ ಹಿಟ್ಟಿನ ಕೈಯಲ್ಲೇ ನನ್ನ ಮಣಿಕಟ್ಟು ಹಿಡಿದಳು. ‘ಅದನ್ನ ನಾ ಮೊದಲ ನೋಡೀನಿ. ದರ ಅಂತ ಬರದೈತಿ. ಒತ್ತಿದ್ರ ರೊಕ್ಕ ಕಟ್ ಆದ್ರ?’

ನಾನು ಒಂದು ಕ್ಷಣ ಅವಳ ಮುಖ ನೋಡಿದೆ. ಆಮೇಲೆ ನಗು ತಡೆಯಲಾಗಲಿಲ್ಲ. ಯಾಕೆ ನಗಬೇಕು ಹೇಳಿ? ದರ ಎಂದರೆ ನಮಗೆಲ್ಲ ಗೊತ್ತಿರುವುದು ಜೋಳದ ದರ, ಬಂಗಾರದ ದರ, ರೀಚಾರ್ಜಿನ ದರ. ಫೋನಿನೊಳಗೆ ದರ ಎಂದು ಬರೆದಿದ್ದರೆ ಶಾಣ್ಯಾ ಮನುಷ್ಯರು ಮುಟ್ಟುತ್ತಾರೆಯೇ? ಅಕ್ಕನೂ ನಗತೊಡಗಿದಳು. ‘ಏನ ನಗತಿ, ಹೇಳಿ ನಗ’ ಎನ್ನುತ್ತ ನಕ್ಕಳು.

‘ಹೇಳಿ ನಗ’ ಅಂದಳು. ‘ರಿ’ ಹಚ್ಚಲಿಲ್ಲ. ನಾನು ಒಳಗೊಳಗೇ ಉಸಿರು ಬಿಟ್ಟೆ.

ಒತ್ತಿ ನೋಡಿದರೆ ಎರಡು ಆಯ್ಕೆ. ಒಂದು ಅರವತ್ತು, ಇನ್ನೊಂದು ನೂರಾಇಪ್ಪತ್ತು. ಅಕ್ಕನ ಫೋನಿನಲ್ಲಿ ಅರವತ್ತರ ಮುಂದೆ ಗುರುತು. ನನ್ನದರಲ್ಲಿ ನೂರಾಇಪ್ಪತ್ತರ ಮುಂದೆ. ಒಂದೇ ಮಾಲು, ಒಂದೇ ಬಣ್ಣ. ವ್ಯತ್ಯಾಸ ಆ ಒಂದು ಚುಕ್ಕೆಯಲ್ಲಿತ್ತು.

(ನಿಮಗೂ ಗೊತ್ತಿಲ್ಲದಿದ್ದರೆ ಎರಡು ಮಾತು. ನನಗೂ ಹೋದ ತಿಂಗಳವರೆಗೆ ಗೊತ್ತಿರಲಿಲ್ಲ, ಸಂಕೋಚ ಬೇಡ. ಪರದೆಯ ಮೇಲೆ ಚಿತ್ರ ಸರಿಯುತ್ತದೆ ಎಂದು ನಾವು ತಿಳಿದಿರುತ್ತೇವೆ. ಫೋನು ಅದನ್ನು ಮತ್ತೆ ಮತ್ತೆ ಹೊಸದಾಗಿ ಬರೆಯುತ್ತಿರುತ್ತದೆ. ಮಕ್ಕಳು ನೋಟ್‌ಬುಕ್ಕಿನ ಮೂಲೆಯಲ್ಲಿ ಗೊಂಬೆ ಬರೆದು ಪುಟಗಳನ್ನು ಸರ್ರನೆ ಬಿಡುತ್ತಾರಲ್ಲ, ಹಾಗೆ. ಸೆಕೆಂಡಿಗೆ ಅರವತ್ತು ಸಲ ಬರೆದರೆ ಒಂದು ಥರ, ನೂರಾಇಪ್ಪತ್ತು ಸಲ ಬರೆದರೆ ಇನ್ನೂ ನುಣುಪು. ಹೆಚ್ಚು ಸಲ ಬರೆದರೆ ಬ್ಯಾಟರಿಯೂ ಬೇಗ ಇಳಿಯುತ್ತದೆ. ಕೆಲವು ಫೋನುಗಳಲ್ಲಿ ಆಟೋ ಎಂಬ ಮೂರನೆಯ ಆಯ್ಕೆ ಇರುತ್ತದೆ. ಬೆರಳು ಓಡಿದಾಗ ಅದು ತಾನೇ ಜೋರಾಗುತ್ತದೆ, ನಿಂತಾಗ ತಾನೇ ನಿಧಾನವಾಗುತ್ತದೆ. ಹೆಸರು ಒಂದೊಂದು ಕಂಪನಿಯಲ್ಲಿ ಒಂದೊಂದು ಥರ, ಆದರೆ ಹೆಚ್ಚಾಗಿ ಡಿಸ್‌ಪ್ಲೇ ಒಳಗೇ ಕೂತಿರುತ್ತದೆ. ಬ್ಯಾಟರಿ ಸೇವರ್ ಹಾಕಿದರೆ ಹಲವು ಫೋನುಗಳು ಹೇಳದೆ ಕೇಳದೆ ಅರವತ್ತಕ್ಕೆ ಇಳಿದುಬಿಡುತ್ತವೆ. ಅದನ್ನೂ ಒಮ್ಮೆ ನೋಡಿಕೊಳ್ಳಿ.)

‘ಒತ್ತಲೇನ್ರಿ ಅಕ್ಕಾ?’

‘ತಡಿ. ನಾ ಒತ್ತತೀನಿ.’

ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದು, ನೂರಾಇಪ್ಪತ್ತರ ಮೇಲೆ ಬೆರಳಿಟ್ಟಳು. ಸದ್ದಿಲ್ಲ, ಗಂಟೆಯಿಲ್ಲ, ಏನೂ ಆಗಲಿಲ್ಲ. ‘ಆತೇನ?’ ಎಂದಳು. ‘ಆತ್ರಿ’ ಎಂದೆ. ಅಕ್ಕ ಕರೋಶಿಯ ಗ್ರೂಪು ತೆರೆದು ಹೆಬ್ಬೆರಳಿನಿಂದ ಒಮ್ಮೆ ಮೇಲಕ್ಕೆ ತಳ್ಳಿದಳು.

‘ಯವ್ವಾ!’

ಅಣ್ಣನ ಹೊಸ ಟ್ರ್ಯಾಕ್ಟರು, ತಂಗಿಯ ಮಗುವಿನ ಹುಟ್ಟುಹಬ್ಬ, ಯಾರದೋ ಮನೆಯ ಎಮ್ಮೆ, ಎಲ್ಲರೂ ಸರಸರನೆ ಹರಿದು ಹೋದರು. ಮತ್ತೆ ಕೆಳಕ್ಕೆ ಎಳೆದಳು. ಎಲ್ಲರೂ ಹರಿದು ವಾಪಸು ಬಂದರು. ಮೇಲೆ, ಕೆಳಗೆ, ಮೇಲೆ, ಕೆಳಗೆ. ನಾದಿದ ಹಿಟ್ಟು ಒಣಗುತ್ತಿತ್ತು. ಅವಳ ಮುಖ ನೋಡುತ್ತ ನಾನೇ ಅದರ ಮೇಲೆ ತಟ್ಟೆ ಮುಚ್ಚಿದೆ.

ಕೊನೆಗೆ ತಲೆಯೆತ್ತಿ ಹೇಳಿದಳು: ‘ನನ್ನ ಕಣ್ಣ ಚಲೋನ ಅದಾವ ನೋಡವಾ.’

ಬೇಕಾಗಿತ್ತು ನನಗೆ. ‘ತಪ್ಪಾತ್ರಿ ಅಕ್ಕಾ’ ಎಂದೆ. ‘ಚಾ ಇಡ ಹೋಗ’ ಎಂದಳು. ಗೋಡೆ ಬಿತ್ತು.

ಕತೆ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅಕ್ಕನ ಲೆಕ್ಕ ಬೇರೆ ಇತ್ತು. ಚಹಾ ಅರ್ಧ ಕುಡಿದು ಕಪ್ಪು ಕೆಳಗಿಟ್ಟು ಕೇಳಿದಳು: ‘ಹಂಗಾರ ನಂದನ್ನ ಅರವತ್ತಕ್ಕ ಇಟ್ಟಾವ್ರ ಯಾರ?’

ನಾನು ಇಟ್ಟಿರಲಿಲ್ಲ. ಅವಳು ಅದನ್ನು ಮುಟ್ಟಿಯೇ ಇರಲಿಲ್ಲ. ಹಾಗಾದರೆ ಯಾರು?

ಅಣ್ಣತಮ್ಮಂದಿರು ಬೋರಗಾಂವದಿಂದ ಬಂದು ಕೈಕಾಲು ತೊಳೆದರು. ಊಟವಾಯಿತು. ಆಮೇಲೆ ಅಕ್ಕ ಜೋಕಾಲಿಯ ಮೇಲೆ ನೆಟ್ಟಗೆ ಕೂತು ಗಂಡನಿಗೆ ಫೋನು ತೋರಿಸಿ ವಿಷಯ ಹೇಳಿದಳು. ಭಾವನವರು ಮೊದಲು ಏನೂ ಗೊತ್ತಿಲ್ಲ ಎಂದರು. ಆಮೇಲೆ ಹಣೆ ತಿಕ್ಕಿಕೊಂಡರು. ಆಮೇಲೆ ನೆನಪಾಯಿತು.

‘ಅಂಗಡ್ಯಾವ ಕೇಳಿದಾ, ಯಾರಿಗ್ರಿ ಇವು ಅಂತ. ಒಂದ ನೌಕರಿ ಮಾಡವರಿಗೆ, ಒಂದ ನಮ್ಮ ಮನ್ಯಾಗಿನವರಿಗೆ ಅಂದ್ನಿ. ಮನ್ಯಾಗಿನವರದ ಚಾರ್ಜ್ ಭಾಳ ಹೊತ್ತ ಬರೂ ಹಂಗ ಮಾಡಿಕೊಡಪಾ ಅಂದ್ನಿ. ಅಂವಾ ಏನೋ ಒತ್ತಿದಾ. ಅದ ಇರಬೇಕ ನೋಡ ಇದು.’

‘ಯಾಕ ಹಂಗ ಅಂದ್ರಿ?’

ಭಾವನವರು ತಮ್ಮನ ಕಡೆ ನೋಡಿದರು, ನನ್ನ ಕಡೆ ನೋಡಿದರು, ಕೊನೆಗೆ ನೆಲ ನೋಡಿದರು. ನಾಲ್ಕು ಜನರ ಮುಂದೆ ಇಂಥ ಮಾತು ಹೇಳಿ ಅವರಿಗೆ ರೂಢಿಯಿಲ್ಲ.

‘ನೀ ಕರೋಶಿಗೆ ಹೋಗಿದ್ದಿ, ನೆನಪೈತಿಲ್ಲ? ಬರಬೇಕಾದ್ರ ನಿನ್ನ ಹಳೇ ಫೋನ್ ಬಂದ್ ಬಿತ್ತು. ಯಾವ ಬಸ್ಸಿಗೆ ಹತ್ತಿದಿ, ಎಲ್ಲಿ ಅದಿ, ಏನೂ ತಿಳೀಲಿಲ್ಲ. ಬಸ್ ಸ್ಟ್ಯಾಂಡಿನ್ಯಾಗ ನಿಂತ ಬಂದ ಬಂದ ಬಸ್ ಎಲ್ಲಾ ಇಣುಕಿ ನೋಡಿದ್ನಿ. ಮತ್ತ ಹಂಗ ಆಗಬಾರ್ದಂತ…’

ಅಷ್ಟಕ್ಕೇ ನಿಲ್ಲಿಸಿ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

ಇಲ್ಲಿಗೆ ಅಂಕಣ ಮುಗಿಸಿದ್ದರೆ ಎಷ್ಟು ಚೆನ್ನಾಗಿತ್ತು! ಗಂಡನ ಕಾಳಜಿ, ಹೆಂಡತಿಯ ಒದ್ದೆ ಕಣ್ಣು, ಓದುಗರ ಒಂದು ನಿಟ್ಟುಸಿರು. ನನ್ನ ಕಣ್ಣಂತೂ ಒದ್ದೆಯಾಗಿತ್ತು. ಆದರೆ ನಿಮಗೆ ನಮ್ಮ ಅಕ್ಕನ ಪರಿಚಯವಿಲ್ಲ.

‘ಕಾಳಜಿ ಮಾಡಿದ್ರಿ, ಚಲೋ ಆತು’ ಎಂದಳು. ದನಿ ಮೆತ್ತಗಿತ್ತು. ‘ಆದ್ರ ನನ್ನ ಯಾಕ ಕೇಳಲಿಲ್ಲ?’

‘ಇದರಾಗ ಕೇಳೂದ ಏನೈತಿ?’

‘ಶೈಲಾನೂ ದಿನಾ ಬಸ್ಸಿಗೆ ಹೋಗ್ತಾಳ. ಅಕಿ ಫೋನ್ ಬಂದ್ ಬೀಳಂಗಿಲ್ಲೇನ? ಅಕೀದೂ ಅರವತ್ತಕ್ಕ ಇಡಸಬೇಕಿತ್ತಲ್ಲ?’

‘ಅಕಿಗೆ ಕಾಲೇಜ್ ಕೆಲಸ ಇರತೈತಿ, ಫೋನ್ ಜೋರ ಓಡಬೇಕಾಗತೈತಿ. ನಿನಗ ಅಷ್ಟ ಸಾಕ ಅನ್ಕೊಂಡ್ನಿ.’

ಹೇಳಿದ ಮೇಲೆ ಭಾವನವರಿಗೇ ಗೊತ್ತಾಯಿತು, ಏನೋ ತಪ್ಪಿತು ಎಂದು. ಬಾಯಿಂದ ಹೋದ ಮಾತು. ವಾಪಸು ತರುವುದು ಹೇಗೆ?

ಅಕ್ಕ ಸಿಟ್ಟಾಗಲಿಲ್ಲ. ಯೋಚಿಸಿ ಯೋಚಿಸಿ ಹೇಳಿದಳು. ‘ಅಂಗಡಿಗೆ ಯಾರರೆ ಹೆಣ್ಣಮಗಳು ಬಂದ್ರ ನೀವು ರಾಶಿ ಸೀರಿ ಬಿಚ್ಚಿ ತೋರಸ್ತೀರಿ. “ಇನ್ನೊಂದ ತೋರಿಸ್ಲೇನ್ರಿ ಅಕ್ಕಾರ, ಬ್ಯಾರೆ ಬಣ್ಣ ಬೇಕೇನ್ರಿ ಅಕ್ಕಾರ” ಅಂತೀರಿ. ಅಕಿ ಗುರ್ತಾನೂ ಇರಂಗಿಲ್ಲ ನಿಮಗ. ಅಕಿ ಮನಸಿನ್ಯಾಗ ಏನೈತಿ ಅಂತ ಹತ್ತ ಸಲಾ ಕೇಳ್ತೀರಿ. ನನ್ನ ಮನಸಿನ್ಯಾಗ ಏನೈತಿ ಅಂತ ನಿಮಗ ಕೇಳದನ ಗೊತ್ತಾಗತೈತಿ, ಏನ್ರಿ?’

ನಮ್ಮ ಯಜಮಾನರು ಪೇಪರು ತಿರುವಿ ಹಾಕಿದರು. (ಮಧ್ಯಾಹ್ನವೇ ಓದಿ ಮುಗಿಸಿದ್ದ ಪೇಪರು.)

ಆ ಮಾತು ನನ್ನನ್ನೂ ಬಿಡಲಿಲ್ಲ. ರಾತ್ರಿ ಮಲಗಿಕೊಂಡು ನೆನಪು ಮಾಡಿಕೊಂಡೆ. ಹೋಟೆಲಿಗೆ ಹೋದರೆ ಅಕ್ಕನಿಗೆ ಸಾದಾ ದೋಸೆ. ಯಾರು ಹೇಳುವುದು? ನಾವು. ಕಾರಿನಲ್ಲಿ ಹೋದರೆ ಅಕ್ಕ ಹಿಂದಿನ ಸೀಟಿನ ನಡುವೆ. ‘ಅಕ್ಕಗ ಕಿಟಕಿ ಗಾಳಿ ಆಗಂಗಿಲ್ಲ.’ ಹಾಗೆಂದು ಅವಳು ಯಾವತ್ತು ಹೇಳಿದ್ದಳು? ನೆನಪಾಗಲಿಲ್ಲ. ಸಿನಿಮಾಕ್ಕೆ ಹೊರಟಾಗ ‘ಅಕ್ಕಗ ಇಂಗ್ಲಿಷ್ ಸಿನಿಮಾ ತಿಳಿಯಂಗಿಲ್ಲ ಬಿಡ್ರಿ’ ಎಂದವಳು ನಾನೇ ಇರಬೇಕು. ಎಲ್ಲ ಪ್ರೀತಿಯಿಂದಲೇ ಮಾಡಿದ್ದು. ಪ್ರೀತಿಯಿಂದ ಮಾಡುತ್ತೇವೆ ಎಂಬ ಧೈರ್ಯದ ಮೇಲೆಯೇ ಅಲ್ಲವೇ ನಾವು ಕೇಳುವುದನ್ನು ಬಿಡುವುದು?

ನಿಮ್ಮ ಮನೆಯಲ್ಲೂ ಹುಡುಕಿ ನೋಡಿ. ‘ಅಪ್ಪಗ ಟಚ್ ಫೋನ್ ಬ್ಯಾಡ, ಬಟನ್ನಿಂದ ಸಾಕು.’ ‘ಆಯಿಗೆ ಖಾರ ಆಗಂಗಿಲ್ಲ.’ ‘ಅತ್ತಿ ಇಷ್ಟ ದೂರ ಬರಂಗಿಲ್ಲ.’ ಅವರು ಪಕ್ಕದ ಕೋಣೆಯಲ್ಲೇ ಇರುತ್ತಾರೆ. ಕೂಗಿದರೆ ಕೇಳಿಸುವಷ್ಟು ಹತ್ತಿರ. ಆದರೂ ಅವರ ಪರವಾಗಿ ಉತ್ತರ ಹೇಳುವುದು ನಾವೇ.

ಆಮೇಲಿನ ವಾರದ ಕತೆ ಹೇಳುತ್ತೇನೆ. ನಿಪ್ಪಾಣಿಯಿಂದ ಬಂದು ಬಸ್ಸಿಳಿದು ಬಜಾರಿನ ಮೂಲಕ ಮನೆಗೆ ಹೊರಟಿದ್ದೆ. ಭಾವನವರ ಅಂಗಡಿಯ ಮುಂದೆ ಕಾಲು ನಿಂತಿತು. ಒಳಗೆ ಬಿಳಿ ಗಾದಿಯ ಮೇಲೆ, ಗಿರಾಕಿಗಳು ಕೂರುವ ಕಡೆ, ನಮ್ಮ ಅಕ್ಕ ಕೂತಿದ್ದಳು. ಕೂದಲಿಗೆ ಅಬ್ಬಲಿಗೆ ಮುಡಿದಿದ್ದಳು. ಎದುರಿಗೆ ಭಾವನವರು ಬೆವರುತ್ತ ಸೀರೆ ಬಿಚ್ಚುತ್ತಿದ್ದರು.

‘ಇದರಾಗ ಹಸರ ಐತೇನ್ರಿ?’

‘ಐತಿ.’

‘ಅಂಚ ಸಣ್ಣದ ಬೇಕ್ರಿ.’

‘ತೋರಸ್ತೀನಿ.’

‘ಅದು ಮ್ಯಾಲಿನ ಸಾಲಿನ್ಯಾಗಿಂದ ತಗೀರಿ. ಅಲ್ಲ, ಅದರ ಬಾಜೂಕಿಂದ.’

ಗಾದಿಯ ಮೇಲೆ ಸೀರೆಯ ಗುಡ್ಡ ಏಳುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಅಥಣಿ ಕಡೆಯ ಹೆಣ್ಣುಮಗಳೊಬ್ಬಳು ಅಕ್ಕನ ಕಡೆ ಬಾಗಿ ಕೇಳಿದಳು: ‘ಈ ಅಂಗಡ್ಯಾಗ ಬೇಸರ ಇಲ್ಲದಂಗ ತೋರಸ್ತಾರೇನ್ರಿ?’

‘ತೋರಸ್ತಾರ್ರಿ’ ಎಂದಳು ಅಕ್ಕ. ‘ಎದುರಿಗೆ ಬಂದ ಕುಂದ್ರಬೇಕ, ಅಷ್ಟ.’

ಅರ್ಧ ಗೋಡೆಯ ಸೀರೆ ಕೆಳಗಿಳಿದ ಮೇಲೆ ಅಕ್ಕ ಎದ್ದು ನಿಂತಳು. ‘ಯಾಕೋ ಮನಸಿಗೆ ಬರವಲ್ದು. ಮತ್ತೊಮ್ಮೆ ಬರ್ತೀನ್ರಿ’ ಎಂದಳು. ಭಾವನವರು ರೂಢಿಯಂತೆ ಎರಡೂ ಕೈ ಜೋಡಿಸಿ, ‘ಬರ್ರಿ ಅಕ್ಕಾರ!’ ಎಂದುಬಿಟ್ಟರು. ಹೆಂಡತಿಗೆ! ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಅಥಣಿಯ ಹೆಣ್ಣುಮಗಳಿಗೆ ಏನೂ ತಿಳಿಯಲಿಲ್ಲ. ನಾನೂ ಅಕ್ಕನೂ ಬಜಾರಿನ ಉದ್ದಕ್ಕೂ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ನಗುತ್ತ ಮನೆಗೆ ಬಂದೆವು.

ಅಕ್ಕನ ಫೋನು ಈಗ ಎಷ್ಟಕ್ಕಿದೆ ಎಂದು ಕೇಳುತ್ತೀರಾ? ಮನೆಯಲ್ಲಿದ್ದಾಗ ನೂರಾಇಪ್ಪತ್ತು. ಕರೋಶಿಗೆ ಹೊರಟ ದಿನ ಚಪ್ಪಲಿ ಮೆಟ್ಟುವ ಮೊದಲು ತಾನೇ ಅರವತ್ತಕ್ಕೆ ಇಳಿಸುತ್ತಾಳೆ. ದಾರಿಯಲ್ಲಿ ಫೋನು ಬಂದ್ ಬೀಳಬಾರದಲ್ಲ! ‘ಹಂಗಾರ ಭಾವಾರು ಮಾಡಿದ್ದ ಬರೋಬ್ಬರಿ ಇತ್ತಲ್ರಿ ಅಕ್ಕಾ?’ ಎಂದು ಕೆಣಕಿದೆ. ‘ಬರೋಬ್ಬರಿ ಇತ್ತು’ ಎಂದಳು. ‘ಆದ್ರ ಈಗ ನಾ ಮಾಡಾಕತ್ತೀನಿ.’

ಸರಿ, ಓದುಗರೇ, ಫೋನಿನ ಸೆಟ್ಟಿಂಗ್ಸನ್ನು ಆಮೇಲೆ ನಿಧಾನವಾಗಿ ನೋಡಿಕೊಳ್ಳಿ. ಇವತ್ತು ಬೆಳಿಗ್ಗೆಯಿಂದ ನಿಮ್ಮ ಮನೆಯಲ್ಲಿ ಯಾರಿಗೆ ಎಷ್ಟು ಸಾಕು ಎಂದು ಅವರನ್ನು ಕೇಳದೆಯೇ ತೀರ್ಮಾನಿಸಿದ್ದೀರಿ?